ಹೆಸರು ಹೇಳದೆ ಸರಿ ಮಾಡಿಸಿದ ಫಾರ್ಮ್

ಕೊರೋನಾ ಸರಿದ ಮೇಲೆ ಬಂದ ಎರಡನೆಯ ಶ್ರಾವಣ ಅದು. ನಾನಾಗ ಕೊಲ್ಹಾಪುರದ ಒಂದು ಸಣ್ಣ ವೆಬ್‌ಸೈಟ್ ಕಂಪನಿಗೆ ಇಚಲಕರಂಜಿಯ ನಮ್ಮ ಮನೆಯಿಂದಲೇ ಪರೀಕ್ಷಕಿಯಾಗಿ ಕೆಲಸ ಮಾಡುತ್ತಿದ್ದೆ. ಮರುದಿನ ಸೋಮವಾರವಾದ್ದರಿಂದ ಶೇಂಗಾ ಹೋಳಿಗೆ ಆಗಬೇಕಿತ್ತು. ಹಿತ್ತಿಲ ಕಟ್ಟೆಯ ಮೇಲೆ ಕುಳಿತು, ಹುರಿದ ಶೇಂಗಾವನ್ನು ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸುತ್ತಿದ್ದೆ. ಗಾಳಿ ನನ್ನ ಕಡೆಗೇ ಬೀಸುತ್ತಿದ್ದರಿಂದ ಸೆರಗಿನ ತುಂಬ ಸಿಪ್ಪೆ. ಆಗ ಫೋನ್ ರಿಂಗಾಯಿತು. ಹುಪರಿಯಿಂದ ಗಂಗಕ್ಕ.

ಗಂಗಕ್ಕ ನನ್ನ ದೊಡ್ಡವ್ವನ ಮಗಳು. ಗಡಹಿಂಗ್ಲಜದ ಒಂದೇ ಅಂಗಳದಲ್ಲಿ ಆಡಿ ಬೆಳೆದವರು ನಾವು. ಆಕೆಯನ್ನು ಹುಪರಿಗೆ ಕೊಟ್ಟರು, ನನ್ನನ್ನು ಇಚಲಕರಂಜಿಗೆ. ಆಕೆ ಸುಮ್ಮನೆ ಫೋನ್ ಮಾಡುವವಳಲ್ಲ. ಮಾಡಿದರೂ ಮೊದಲು ಮಳೆ, ಆಮೇಲೆ ಮಕ್ಕಳು, ಕಡೆಗೆ ವಿಷಯ. ಅಂದು ನೇರವಾಗಿ ವಿಷಯಕ್ಕೇ ಬಂದಳು.

"ತಂಗಿ, ನೀ ಆ ಕಂಪ್ಯೂಟರಿನ ಕೆಲಸ ಮಾಡತಿಯಲ್ಲ. ಒಂದ ಮಾತ ಕೇಳತೇನಿ, ಯಾರ ಮುಂದೂ ಆಡಬ್ಯಾಡ. ನಿನ್ನ ಗಂಡನ ಮುಂದೂ."

ನಾನು ಮೊರ ಕೆಳಗಿಟ್ಟೆ.

ಆಕೆ ಹೇಳಿದ್ದು ಇಷ್ಟು. ಒಂದು ವರ್ಷದಿಂದ ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ, ಬೆಳೆಯುತ್ತ ಬಂದಿದೆ. ಬಲಗಣ್ಣಂತೂ ಮಂಜು ಹಿಡಿದ ಕಂದೀಲಿನ ಗಾಜಿನಂತೆ ಆಗಿದೆ. ಬೆಳ್ಳಿ ಕೆಲಸಗಾರರಿಗಾಗಿ ಕೊಲ್ಹಾಪುರದ ಒಂದು ಟ್ರಸ್ಟಿನವರು ಗಡಹಿಂಗ್ಲಜದಲ್ಲಿ ಪುಕ್ಕಟೆ ಶಸ್ತ್ರಚಿಕಿತ್ಸೆಯ ಶಿಬಿರ ಇಟ್ಟಿದ್ದಾರೆ. ಅರ್ಜಿ ಹಾಕುವುದು ಮೊಬೈಲಿನಲ್ಲಿ ಮಾತ್ರ. ಬಾಗಿಲ ಚಿಲಕ ಹಾಕಿಕೊಂಡು, ತಾನೇ ಒಂದೊಂದಾಗಿ ಒತ್ತಿ ಫಾರ್ಮ್ ತುಂಬಿದ್ದಾಳೆ. ಕಳಿಸಿದ ಕೂಡಲೇ ಸಂದೇಶ ಬಂದಿದೆ: ಈ ಕಣ್ಣಿಗೆ ಮೊದಲೇ ಶಸ್ತ್ರಚಿಕಿತ್ಸೆ ಆಗಿರುವುದರಿಂದ ಈ ಶಿಬಿರಕ್ಕೆ ನೀವು ಅರ್ಹರಲ್ಲ.

"ನನ್ನ ಕಣ್ಣಿಗೆ ಇನ್ನೂ ಒಂದ ಸೂಜಿ ತಾಗಿಲ್ಲವಾ," ಎಂದಳು. "ನಾ 'ನಾಹೀ' ಅಂತನ ಒತ್ತೇನಿ. ಅದು 'ಹೋಯ್' ಅಂತ ತಗೊಂಡೈತಿ."

ಫಾರ್ಮ್ ಮರಾಠಿಯಲ್ಲಿತ್ತು. ಹೋಯ್ ಎಂದರೆ ಹೌದು, ನಾಹೀ ಎಂದರೆ ಇಲ್ಲ. ಒಂದು ಫೋನ್ ನಂಬರಿಗೆ ಒಂದೇ ಅರ್ಜಿ, ಅದೂ ಅರ್ಜಿದಾರರ ಮನೆಯವರದೇ ನಂಬರ್ ಆಗಿರಬೇಕು. ಬರುವ ಶನಿವಾರಕ್ಕೆ ಮುಕ್ತಾಯ. ಗಂಡನ ಫೋನಿನಿಂದ ಇನ್ನೊಂದು ಸಲ ಹಾಕು ಎಂದರೆ, "ಅವರಿಗೆ ಗೊತ್ತಾದ್ರ ಸಂಜಿಗೆ ಕಟ್ಟಿಮ್ಯಾಲ ಇರತೈತಿ," ಎಂದಳು.

ಈ ಮುಚ್ಚುಮರೆ ಏಕೆಂದು ಹುಪರಿಯ ರೀತಿ ತಿಳಿಯದವರಿಗೆ ಹೇಳಬೇಕು. ಅಲ್ಲಿ ಬೆಳ್ಳಿ ಕೆಲಸ ಬಹುಮಟ್ಟಿಗೆ ಮನೆಯಲ್ಲೇ ನಡೆಯುತ್ತದೆ. ವ್ಯಾಪಾರಿ ಬೆಳ್ಳಿಯನ್ನು ತೂಗಿ ಮನೆಗೆ ಕಳಿಸುತ್ತಾನೆ, ಹೆಂಗಸರು ಒಲೆಯ ಪಕ್ಕದಲ್ಲೇ ಕುಳಿತು ಕಾಲ್ಗೆಜ್ಜೆಯ ಕೊಂಡಿಗಳನ್ನು ಬೆಸೆದು ತಿರುಗಿ ಕೊಡುತ್ತಾರೆ. ಎಲ್ಲ ನಡೆಯುವುದು ನಂಬಿಕೆಯ ಮೇಲೆ, ಆ ನಂಬಿಕೆ ನಿಂತಿರುವುದು ಕೈ ಮತ್ತು ಕಣ್ಣಿನ ಮೇಲೆ. ಬೆಸುಗೆ ಬಿಡುತ್ತಿದೆ ಎಂದಾಗಲಿ, ಆಕೆಗೆ ಕಣ್ಣು ಸಾಲದು ಎಂದಾಗಲಿ ಒಂದು ಮಾತು ಹುಟ್ಟಿದರೆ ಸಾಕು, ಯಾರೂ ಜಗಳ ಆಡುವುದಿಲ್ಲ, ಬಯ್ಯುವುದಿಲ್ಲ. ಬೆಳ್ಳಿ ಆ ಮನೆಗೆ ಬರುವುದು ನಿಲ್ಲುತ್ತದೆ, ಅಷ್ಟೇ. ಗಂಗಕ್ಕನ ಗಂಡ ಅದೇ ವ್ಯಾಪಾರಿಯ ಕಾರಖಾನೆಯಲ್ಲಿ ಪಾಲಿಶ್ ಮಾಡುತ್ತಿದ್ದ. ಒಳ್ಳೆಯ ಮನುಷ್ಯ, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

"ಕಣ್ಣ ಬಂದಮ್ಯಾಲ ಊರಿಗೆಲ್ಲಾ ಗೊತ್ತಾಗಲಿ. ಬರೂಮಟ ಯಾರಿಗೂ ಬ್ಯಾಡ," ಎಂದಳು ಗಂಗಕ್ಕ. ನಾನು ಮಾತು ಕೊಟ್ಟೆ.

ನನ್ನ ಕೆಲಸದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಕಣ್ಣಿನದು ಪೊರೆಯಲ್ಲ, ಬೇರೆ ತೊಂದರೆ, ಶಸ್ತ್ರಚಿಕಿತ್ಸೆಯಿಂದ ಹೋಗುವಂಥದ್ದಲ್ಲ. ನೋಟದ ನಡುಭಾಗ ಮಸುಕು, ಅಂಚು ಚೊಕ್ಕ. ಬಿಳಿ ಪರದೆ ನನಗೆ ಮಧ್ಯಾಹ್ನದ ತಗಡಿನ ಮಾಡು ಇದ್ದ ಹಾಗೆ, ದಿಟ್ಟಿಸಲಾಗುವುದಿಲ್ಲ. ನಮ್ಮವರ ನೂಲಿನ ಅಂಗಡಿಯ ಬಿಲ್ಲುಗಳನ್ನು ಕಂಪ್ಯೂಟರಿನಲ್ಲಿ ಹಾಕುತ್ತಿದ್ದಾಗ ಅದರೊಳಗೇ ಒಂದು ಅನುಕೂಲ ಇರುವುದು ತಿಳಿಯಿತು. ಹೈ ಕಾಂಟ್ರಾಸ್ಟ್ ಎನ್ನುತ್ತಾರೆ. ಅದನ್ನು ಹಚ್ಚಿದರೆ ಪರದೆಯೆಲ್ಲ ಕಪ್ಪು, ಅಕ್ಷರ ಹಳದಿ. ಅಕ್ಷರವನ್ನು ದೊಡ್ಡದೂ ಮಾಡಿಕೊಳ್ಳಬಹುದು. ಅಂದು ಶಿವನಿಗೆ ಇನ್ನೊಂದು ಬಿಲ್ವದಳ ಹೆಚ್ಚು ಏರಿಸಿದೆ. ಕಣ್ಣು ಕೊಡದಿದ್ದರೂ ಕಾಣುವ ದಾರಿ ಕೊಟ್ಟನಲ್ಲ, ಅದೇನು ಕಡಿಮೆಯೇ?

ಹಾಗೆ ನೋಡುತ್ತಿದ್ದಾಗ ಕೆಲವು ವೆಬ್‌ಸೈಟ್‌ಗಳಲ್ಲಿ ಎಲ್ಲ ಕಾಣಿಸಿ ಒತ್ತಬೇಕಾದ ಗುಂಡಿಯೇ ಮಾಯವಾಗಿರುತ್ತಿತ್ತು. ಅಂಥ ಒಂದು ಸೈಟಿನವರಿಗೆ ಫೋನ್ ಮಾಡಿ ದೂರಿದೆ. ಅದನ್ನು ಮಾಡಿದ ಕೊಲ್ಹಾಪುರದ ಮಾಧುರಿ ಎಂಬ ಹುಡುಗಿ ತಾನೇ ಮನೆಗೆ ಬಂದು, ಚಹಾ ಕುಡಿದು, ನನ್ನ ಪರದೆಯನ್ನು ಬಹಳ ಹೊತ್ತು ನೋಡಿ, "ಕಾಕೂ, ನಾವು ಮಾಡಿದ್ದನ್ನೆಲ್ಲ ನೀವು ಹಿಂಗ ನೋಡಿ ಹೇಳ್ತೀರೇನು?" ಎಂದು ಕೇಳಿದಳು. ಅಂದಿನಿಂದ ಅವಳ ಕಂಪನಿಯ ಫಾರ್ಮ್‌ಗಳೆಲ್ಲ ಲೋಕದ ಮುಂದೆ ಹೋಗುವ ಮೊದಲು ನನ್ನ ಮುಂದೆ ಬರುತ್ತಿದ್ದವು. ಮೌಸ್ ತೆಗೆದಿಟ್ಟು ಬರಿಯ ಕೀಬೋರ್ಡಿನ ಕೀಲಿಗಳಿಂದ ತುಂಬಿ ನೋಡುವುದು, ಅಕ್ಷರ ಎರಡು ಪಟ್ಟು ಮಾಡಿ ನೋಡುವುದು, ಬಣ್ಣ ಬದಲಿಸಿ ನೋಡುವುದು, ಪರದೆಯನ್ನು ಓದಿ ಹೇಳುವ ಧ್ವನಿಯನ್ನು ಹಚ್ಚಿ ಕಣ್ಣು ಮುಚ್ಚಿ ನೋಡುವುದು. ಇದೇ ನನ್ನ ಪರೀಕ್ಷೆ. ಮನೆಗೆಲಸದ ನಡುವೆ ಆಗುತ್ತಿತ್ತು.

ಗಂಗಕ್ಕ ಕಳಿಸಿದ ಲಿಂಕನ್ನು ತೆರೆದು ನೋಡಿದರೆ, ಅದು ನಮ್ಮದೇ ಕಂಪನಿಯ ಫಾರ್ಮ್.

ಮಳೆಗಾಲದ ಮೊದಲಲ್ಲಿ ನಾನದನ್ನು ಪರೀಕ್ಷಿಸಿದ್ದೆ. ಆಗ ಅದು ಸಾದಾ ಇತ್ತು, ಚೆನ್ನಾಗಿ ನಡೆಯುತ್ತಿತ್ತು. ಈಗ ಬೇರೆ ಉಡುಪು ಹಾಕಿಕೊಂಡಿತ್ತು, ಮತ್ತು ನನ್ನ ಕಂಪ್ಯೂಟರಿನಲ್ಲಿ ಆ ಉಡುಪು ಕಾಣುತ್ತಲೂ ಇರಲಿಲ್ಲ. ಪ್ರಶ್ನೆಗಳಿದ್ದವು. ಉತ್ತರಗಳ ಮಾತುಗಳೂ ಇದ್ದವು. ಉತ್ತರದ ಮುಂದಿನ ಗುಂಡಿಗಳಿರಲಿಲ್ಲ. ಟ್ಯಾಬ್ ಕೀಲಿ ಒತ್ತಿದೆ. ಆ ಕೀಲಿ ಒತ್ತಿದಂತೆಲ್ಲ ಫಾರ್ಮ್‌ನಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯುತ್ತೇವೆ, ಎಲ್ಲಿದ್ದೇವೆಂದು ಸುತ್ತ ಒಂದು ಗೆರೆ ತೋರಿಸುತ್ತದೆ. ಇಲ್ಲಿ ಹೆಸರಿನ ಜಾಗದಿಂದ ಹಾರಿ ನೇರ 'ಕಳಿಸಿ' ಎಂಬಲ್ಲಿಗೆ ಹೋಯಿತು. ನಡುವಿನ ಪ್ರಶ್ನೆಗಳು ಕೀಲಿಯ ಲೆಕ್ಕದಲ್ಲೇ ಇಲ್ಲ.

ಆಮೇಲೆ ಮೊಬೈಲ್ ತೆಗೆದು ಗಂಗಕ್ಕನ ಫೋನಿನಲ್ಲಿದ್ದ ಹಾಗೆಯೇ ಅಕ್ಷರ ದೊಡ್ಡದು ಮಾಡಿ, ಬ್ರೌಸರನ್ನು ಕಪ್ಪಾಗಿಸಿ ನೋಡಿದೆ. ಪೊರೆ ಬಂದವರಿಗೂ ಬಿಳಿ ಬೆಳಕು ಚುಚ್ಚುತ್ತದೆ, ಅವರೂ ಹೀಗೇ ಮಾಡಿಕೊಳ್ಳುತ್ತಾರೆ. ಎರಡೂ ಉತ್ತರದ ಮುಂದೆ ಒಂದೊಂದು ಬೂದು ಬೊಟ್ಟು. ಒತ್ತಿದರೂ ಅದೇ ಬೂದು, ಒತ್ತದಿದ್ದರೂ ಅದೇ ಬೂದು. ಅಕ್ಷರ ಬೆಳೆದಿತ್ತು, ಅದನ್ನು ಹಿಡಿದ ಪೆಟ್ಟಿಗೆ ಬೆಳೆದಿರಲಿಲ್ಲ. 'ಹೋಯ್' ಎಂಬ ಉತ್ತರದ ಉದ್ದ ವಾಕ್ಯ ಎರಡು ಸಾಲಾಗಿ ಒಡೆದು 'ನಾಹೀ' ಎಂಬುದರ ಮೈಮೇಲೆ ಬಿದ್ದಿತ್ತು. ನಾಹೀ ಎಂದು ಕಂಡಲ್ಲಿ ಬೆರಳಿಟ್ಟರೆ ಹೋಯ್ ಎಂದು ಹಿಡಿಯುತ್ತಿತ್ತು. ಹಿಡಿದದ್ದು ಕಾಣುತ್ತಲೂ ಇರಲಿಲ್ಲ. ಗಂಗಕ್ಕ ತಪ್ಪು ಒತ್ತಿರಲಿಲ್ಲ.

ಮಾಧುರಿಗೆ ಫೋನ್ ಮಾಡಿದೆ. ಭಾನುವಾರ, ಎತ್ತಲಿಲ್ಲ. ಸೋಮವಾರ ಬೆಳಗ್ಗೆ ಪೂಜೆ ಮುಗಿಸಿ, ನೈವೇದ್ಯಕ್ಕೆ ಬೇಕಾದಷ್ಟೇ ಹೋಳಿಗೆ ಬಡಿದು, ಉಳಿದ ಹೂರಣ ಮುಚ್ಚಿಟ್ಟು ಬಸ್ಸು ಹಿಡಿದೆ. ಕೆಲಸವಿದೆ ಎಂದೆ. ನಮ್ಮವರು ಏನು ಕೆಲಸ ಎಂದು ಕೇಳಲಿಲ್ಲ. ಅದೂ ಒಂದು ಕೃಪೆಯೇ.

ಕೊಲ್ಹಾಪುರದಲ್ಲಿ ಮಾಧುರಿಯ ಕಂಪನಿ ಎಂದರೆ ಒಂದು ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆ. ಅಲ್ಲಿ ಫಾರ್ಮ್‌ಗಳ ರೂಪ ಬರೆಯುವವನು ಅಭಿಜಿತ. ಹುಪರಿಯವನು, ಬೆಳ್ಳಿ ಕೆಲಸದ ಮನೆತನದಿಂದ ಬಂದವನು. ಕೈ ಚಳಕದ ಹುಡುಗ, ಸ್ವಲ್ಪ ಬಿಗುಮಾನ. ಅವನ ಪರದೆಯ ಮೇಲೆ ಆ ಫಾರ್ಮ್ ಹೇಗಿದೆಯೆಂದು ತೋರಿಸು ಎಂದೆ. ತೀರ ಹತ್ತಿರ ಹೋಗಿ ಓರೆಗಣ್ಣಿನಿಂದ ನೋಡಿದೆ. ನಿಜ ಹೇಳಬೇಕೆಂದರೆ ಚೆಂದವಿತ್ತು. ಪ್ರತಿ ಉತ್ತರದ ಮುಂದೆ ಒಂದು ಸಣ್ಣ ಬೆಳ್ಳಿ ಗೆಜ್ಜೆ. ಒತ್ತಿದರೆ ಆ ಗೆಜ್ಜೆಯ ಸೀಳಿನೊಳಗೆ ಒಂದು ಗುಂಡು ಕಾಣಿಸಿಕೊಳ್ಳುತ್ತಿತ್ತು. ಗುಂಡು ಬೀಳದ ಗೆಜ್ಜೆ ಇನ್ನೂ ಗೆಜ್ಜೆಯಲ್ಲ ಎಂಬುದು ಹುಪರಿಯ ಮಾತು. ಆ ಊರಿನವನಿಗಲ್ಲದೆ ಬೇರೆಯವರಿಗೆ ಈ ಕಲ್ಪನೆ ಬರುತ್ತಿರಲಿಲ್ಲ.

"ಟ್ರಸ್ಟಿನವರು ನೋಡಿ ಗದ್ಗದ ಆದ್ರು ಕಾಕೂ," ಎಂದ. "ಇಂಥಾ ಫಾರ್ಮ್ ಜಿಲ್ಲಾದಾಗ ಇಲ್ಲ ಅಂದ್ರು."

"ಅವರ ಕಣ್ಣ ಚೊಲೋ ಅದಾವಲ್ಲಪಾ," ಎಂದೆ.

ಮಾಧುರಿ ನಕ್ಕಳು, ಅವನು ನಗಲಿಲ್ಲ.

ತೊಂದರೆ ಎಲ್ಲಿದೆಯೆಂದು ಕೂತು ಬಿಡಿಸಿದೆವು. ಒಂದೇ ಉತ್ತರ ಆರಿಸುವ ಗುಂಡಿಗೆ ರೇಡಿಯೋ ಬಟನ್ ಎನ್ನುತ್ತಾರೆ. ಅದನ್ನು ಪ್ರತಿ ಬ್ರೌಸರೂ ತನ್ನಷ್ಟಕ್ಕೆ ತಾನೇ ಬರೆದು ಕೊಡುತ್ತದೆ. ನೋಡಲು ಬೋಳು, ಆದರೆ ಬಲು ನಿಯತ್ತಿನದು. ಕೀಲಿಗೆ ಸಿಗುತ್ತದೆ, ಧ್ವನಿಗೆ ತನ್ನ ಹೆಸರು ಹೇಳುತ್ತದೆ, ಬಣ್ಣ ಬದಲಾದರೆ ತಾನೂ ಬದಲಾಗುತ್ತದೆ. ಅಭಿಜಿತ ಆ ಬೋಳು ಗುಂಡಿಯನ್ನು ಪೂರ್ತಿ ಅಡಗಿಸಿ, ಅದರ ಜಾಗದಲ್ಲಿ ಬಣ್ಣದ ಮೇಲೆ ಬಣ್ಣ, ನೆರಳಿನ ಮೇಲೆ ನೆರಳು ಹಚ್ಚಿ ಗೆಜ್ಜೆ ಬರೆದಿದ್ದ. ಹೈ ಕಾಂಟ್ರಾಸ್ಟ್ ಮಾಡುವ ಮೊದಲ ಕೆಲಸವೇ ಸೈಟಿನವರು ಹಚ್ಚಿದ ಬಣ್ಣ ಮತ್ತು ನೆರಳನ್ನು ಒರೆಸುವುದು. ಬಣ್ಣ ಹೋದ ಮೇಲೆ ಗೆಜ್ಜೆ ಎಲ್ಲಿ? ಅಡಗಿಸಿದ ಗುಂಡಿಗೆ ಕೀಲಿಯೂ ಸಿಗುವುದಿಲ್ಲ. ಮೊಬೈಲಿನ ಕಪ್ಪು ಬ್ರೌಸರ್ ಬಣ್ಣ ಒರೆಸುವ ಬದಲು ತಿರುವಿ ಹಾಕುತ್ತಿತ್ತು. ಬಿಳಿಯ ಮೇಲಿನ ಬೆಳ್ಳಿ, ಬೆಳ್ಳಿಯೊಳಗಿನ ಗುಂಡು, ಮೂರೂ ಒಂದೇ ಬೂದು ಬಣ್ಣವಾಗಿದ್ದವು.

ಅಭಿಜಿತ ಕೇಳಿಕೊಂಡ. ಆಮೇಲೆ ಅಂದ, "ಬಿಡ್ರಿ ಕಾಕೂ. ಹಿಂಗ ಸೆಟ್ಟಿಂಗ್ ಮಾಡಿಕೊಂಡಾವ್ರು ಎಷ್ಟ ಮಂದಿ ಇರತಾರ? ಕಣ್ಣ ಕಾಣದಾವ್ರಿಗೆ ಮನ್ಯಾಗ ಯಾರರೆ ತುಂಬಿ ಕೊಡತಾರ. ಇಲ್ಲಂದ್ರ ಅಂಗಡ್ಯಾಗ ತುಂಬಸತಾರ."

ಮಾಧುರಿಯೂ ಅದೇ ಯೋಚನೆಯಲ್ಲಿದ್ದಳು. ಶನಿವಾರಕ್ಕೆ ಮುಗಿಯುವ ಫಾರ್ಮ್, ಇನ್ನೊಂದು ಕೆಲಸ ಮೈಮೇಲಿದೆ. ನನ್ನ ಬಳಿ ಉತ್ತರವಿತ್ತು, ಹೇಳುವಂತಿರಲಿಲ್ಲ. ಗಂಗಕ್ಕನ ಹೆಸರು ಎತ್ತಿದರೆ ಅಭಿಜಿತ ಆಕೆಯ ಓಣಿಯವನೇ. ಕೆಳಗೆ ಗಿರಣಿಯ ಸದ್ದಿಗೆ ನೆಲ ಸಣ್ಣಗೆ ನಡುಗುತ್ತಿತ್ತು. ಮನಸ್ಸಿನಲ್ಲೇ ಪಂಚಾಕ್ಷರಿ ಹೇಳಿಕೊಂಡು ಕೇಳಿದೆ.

"ಅಭಿಜಿತ, ನಿಮ್ಮಜ್ಜಿ ಬೆಳ್ಳಿ ಕೆಲಸ ಮಾಡತಿದ್ಲಲ್ಲ. ಆಕಿ ಕಣ್ಣ ಮಂಜಾದಾಗ ಮೊದಲ ಯಾರಿಗೆ ಹೇಳಿದ್ಲು?"

ಅವನು ಪರದೆ ನೋಡುತ್ತಲೇ ಇದ್ದ.

"ಯಾರಿಗೂ ಹೇಳಲಿಲ್ರಿ," ಎಂದ. "ಆಕಿ ಬೆಸದ ಸರಪಳಿ ಮದಿವ್ಯಾಗ ಬಿಚ್ಚಿತು. ಆಮ್ಯಾಲ ಶೇಠಜಿಗೆ ಗೊತ್ತಾತು. ಮರುವಾರದಿಂದ ಬೆಳ್ಳಿ ಬರಲಿಲ್ಲ."

"ಹಂಗಾದ್ರ ಆಕಿ ಈ ಫಾರ್ಮ್ ಯಾರ ಕಡೆ ತುಂಬಸತಿದ್ಲು?"

ಅವನು ಕುರ್ಚಿ ಮುಂದೆ ಎಳೆದುಕೊಂಡು ಫಾರ್ಮ್‌ನ ಕೋಡ್ ತೆರೆದ. ಆ ಮಾತು ಕೇಳಿದ್ದಕ್ಕೆ ನನಗೆ ಒಂದು ರೀತಿ ಸಂಕಟವೂ ಆಯಿತು, ಆದರೆ ಬೇರೆ ದಾರಿ ಇರಲಿಲ್ಲ.

ಅಂದು ಸಂಜೆಯವರೆಗೆ, ಮರುದಿನವೂ, ಅವನು ಮಾಡಿದ ಕೆಲಸ ನೋಡುವಂತಿತ್ತು. ಗೆಜ್ಜೆಯನ್ನು ತೆಗೆಯಲಿಲ್ಲ, ತೆಗೆ ಎಂದು ನಾನೂ ಹೇಳಲಿಲ್ಲ. ಚೆಂದ ಇರಬಾರದೆಂದು ಯಾರು ಹೇಳಿದ್ದು? ಅಡಗಿಸಿದ್ದ ಬೋಳು ಗುಂಡಿಯನ್ನು ವಾಪಸು ಕರೆತಂದು, ತಿಳಿನೀರಿನ ಹಾಗೆ ಪಾರದರ್ಶಕ ಮಾಡಿ ಗೆಜ್ಜೆಯ ಮೇಲೆಯೇ ಕೂರಿಸಿದ. ಕಣ್ಣಿಗೆ ಗೆಜ್ಜೆ, ಬೆರಳಿಗೆ ಮತ್ತು ಕೀಲಿಗೆ ಗುಂಡಿ. ಗೆಜ್ಜೆಗೆ ನೆರಳಿನ ಬದಲು ಗಟ್ಟಿ ಗೆರೆ ಹಾಕಿದ, ಏಕೆಂದರೆ ಗೆರೆಯನ್ನು ಹೈ ಕಾಂಟ್ರಾಸ್ಟ್ ಒರೆಸುವುದಿಲ್ಲ, ತನ್ನ ಬಣ್ಣ ಕೊಟ್ಟು ಉಳಿಸಿಕೊಳ್ಳುತ್ತದೆ. ನೋಡುವವರು ಬಣ್ಣ ಬದಲಿಸಿಕೊಂಡಿದ್ದಾರೋ ಎಂದು ಫಾರ್ಮ್ ತಾನೇ ಕೇಳಿ ತಿಳಿಯುವ ಒಂದು ಸಾಲೂ ಇದೆ. ಹಾಗಿದ್ದರೆ ಗೆಜ್ಜೆ ಬದಿಗೆ ಸರಿದು ಬ್ರೌಸರಿನ ಸ್ವಂತ ಗುಂಡಿಯೇ ಕಾಣಲಿ ಎಂದು ಬರೆದ. ಅಳತೆಗಳನ್ನೆಲ್ಲ ಅಕ್ಷರದ ಅಳತೆಗೆ ಕಟ್ಟಿದ. ಅಕ್ಷರ ಬೆಳೆದರೆ ಗೆಜ್ಜೆಯೂ ಪೆಟ್ಟಿಗೆಯೂ ಕೂಡಿಯೇ ಬೆಳೆಯುತ್ತವೆ, ಒಂದರ ಮೇಲೊಂದು ಬೀಳುವುದಿಲ್ಲ. ಕೀಲಿ ಎಲ್ಲಿ ನಿಂತಿದೆಯೋ ಅಲ್ಲಿ ದಪ್ಪ ಗೆರೆ. ಕಳಿಸುವ ಮೊದಲು ಕೊಟ್ಟ ಉತ್ತರಗಳನ್ನು ಸಾದಾ ಮಾತಿನಲ್ಲಿ ತೋರಿಸುವ ಒಂದು ಪುಟವನ್ನು ಮಾಧುರಿ ಸೇರಿಸಿದಳು.

ಒಂದು ಬ್ರೌಸರಿನಲ್ಲಿ ಸರಿಯಾದದ್ದು ಇನ್ನೊಂದರಲ್ಲಿ ಕೆಡುತ್ತಿತ್ತು. ಒಂದರಲ್ಲಿ ಗುಂಡಿ ಗೆಜ್ಜೆಯಿಂದ ಅರ್ಧ ಬೆರಳು ಕೆಳಗೆ ಜಾರಿ ಕೂತಿತು. ಇನ್ನೊಂದು ಮೊಬೈಲ್ ಬ್ರೌಸರ್ ಏನು ಮಾಡಿದರೂ ಗುಂಡನ್ನು ಬೂದು ಮಾಡುತ್ತಲೇ ಇತ್ತು. ಕಡೆಗೆ ಅಭಿಜಿತ ಕಪ್ಪು ಪರದೆಗೆಂದೇ ಬೇರೆ ಬಣ್ಣ ಕೊಟ್ಟು, "ಕಪ್ಪಿನ ವ್ಯವಸ್ಥೆ ನಾನೇ ಮಾಡಿದ್ದೇನೆ, ನೀನು ತಿರುವಬೇಡ" ಎಂದು ಬ್ರೌಸರಿಗೆ ತಿಳಿಸುವ ಸಾಲು ಬರೆದ ಮೇಲೆ ಅದು ಸುಮ್ಮನಾಯಿತು. ಈ ಪರೀಕ್ಷೆಯಲ್ಲಿ ನನ್ನ ಪಾಲು ಒಂದೇ: ಕಾಣುತ್ತದೆ, ಕಾಣುವುದಿಲ್ಲ, ಸಿಗುತ್ತದೆ, ಸಿಗುವುದಿಲ್ಲ. ಮಂಗಳವಾರದ ಪರೀಕ್ಷೆ ಮನೆಯಿಂದಲೇ ಆಯಿತು. ಅವನು ಕಳಿಸುವುದು, ನಾನು ಒಲೆಯ ಮುಂದಿನಿಂದ ಎದ್ದು ಹೋಗಿ ನೋಡುವುದು.

"ಕಾಕೂ, ಈಗ?"

"ಈಗ ಕಾಣತೈತಿ. ಆದ್ರ ಹೋಯ್‌ಗೂ ನಾಹೀಗೂ ಗೆರಿ ಒಂದ ಥರಾನ ಐತಿ. ಗುಂಡ ಇನ್ನೂ ದಪ್ಪ ಮಾಡಪಾ."

"ಇನ್ನ ದಪ್ಪ ಮಾಡಿದ್ರ ಗೆಜ್ಜಿ ಅಲ್ರಿ, ಗಂಟಿ ಆಗತೈತಿ."

"ಗಂಟೀನ ಆಗಲಿ."

ಫಾರ್ಮ್ ಸರಿಯಾಯಿತು. ಆದರೆ ಗಂಗಕ್ಕನ ಅರ್ಜಿ ತಿರಸ್ಕಾರವಾಗಿಯೇ ಇತ್ತು. ಅದನ್ನು ತೆರೆಯುವ ಅಧಿಕಾರ ಕಂಪನಿಗಿಲ್ಲ, ಟ್ರಸ್ಟಿನದು. ಬುಧವಾರ ಮತ್ತೆ ಕೊಲ್ಹಾಪುರಕ್ಕೆ ಹೋಗಿ, ನನಗೆ ಗೊತ್ತಿರುವ ಒಬ್ಬಾಕೆಯ ಅರ್ಜಿ ಹೀಗೇ ತಪ್ಪಾಗಿ ತಿರಸ್ಕಾರವಾಗಿದೆ ಎಂದಷ್ಟೇ ಹೇಳಿದೆ. ಮಾಧುರಿ ಟ್ರಸ್ಟಿನ ಕಾರ್ಯದರ್ಶಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಕಾರ್ಯದರ್ಶಿ ಸ್ವತಃ ಹುಪರಿ ಕಡೆಯ ಬೆಳ್ಳಿ ವ್ಯಾಪಾರಿ, ನಮ್ಮ ಜನವೇ, ಕನ್ನಡ ಮಾತಾಡುವ ಹಿರಿಯರು. ಎಲ್ಲ ಕೇಳಿಕೊಂಡು ಮೃದುವಾಗಿಯೇ ಹೇಳಿದರು.

"ಅದಕ್ಕೇನಾತು ವೈನಿ. ಆ ಹೆಣ್ಣಮಗಳ ಹೆಸರ ಹೇಳ್ರಿ, ಈಗಿಂದೀಗ ಸರಿ ಮಾಡಸತೇನಿ."

ಎಷ್ಟು ಸುಲಭದ ದಾರಿ. ಒಂದು ಹೆಸರು ಹೇಳಿದರೆ ಗಂಗಕ್ಕನಿಗೆ ಶಿಬಿರದಲ್ಲಿ ಜಾಗ ಸಿಗುತ್ತಿತ್ತು, ನಾನು ಮಧ್ಯಾಹ್ನದ ಬಸ್ಸಿಗೆ ಮನೆ ಸೇರುತ್ತಿದ್ದೆ. ಆದರೆ ಹುಪರಿಯ ಬೆಳ್ಳಿ ವ್ಯಾಪಾರಿಗಳು ಒಬ್ಬರಿಗೊಬ್ಬರು ಅಪರಿಚಿತರಲ್ಲ. ಇವರು ಕೆಟ್ಟವರಲ್ಲ, ಅಯ್ಯೋ ಪಾಪ ಎಂದೇ ಗೆಳೆಯರ ಮುಂದೆ ಹೇಳುತ್ತಾರೆ. ಆ ಪಾಪ ಎಂಬ ಮಾತೇ ಸಾಕು. ಹೇಳದಿದ್ದರೆ ಶನಿವಾರ ಬರುತ್ತದೆ, ಮುಂದಿನ ಶಿಬಿರ ಯಾವಾಗಲೋ, ಆಕೆಯ ಬಲಗಣ್ಣು ಅಲ್ಲಿಯವರೆಗೆ ಕಾಯುತ್ತದೋ ಇಲ್ಲವೋ. ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಕೊಟ್ಟ ಮಾತು ತಡೆಯಿತು.

"ಹೆಸರ ಹೇಳಾಕ ಬರೂದಿಲ್ರಿ," ಎಂದೆ. "ಆ ಪ್ರಶ್ನಿಗೆ ಹೋಯ್ ಅಂತ ಬಂದು ತಿರಗಿ ಹ್ವಾದಾವ್ರಿಗೆಲ್ಲಾ ಇನ್ನೊಮ್ಮೆ ತುಂಬಾಕ ಕೊಡ್ರಿ."

ಅವರಿಗೆ ಸ್ವಲ್ಪ ಸಿಟ್ಟು ಬಂತು. ಒಬ್ಬರ ಸಲುವಾಗಿ ಎಲ್ಲರ ಅರ್ಜಿ ತೆರೆಯುವುದೇ? ಸುಮ್ಮನೆ ಗೊಂದಲವಾಗುತ್ತದೆ, ನಿಜವಾಗಿ ಶಸ್ತ್ರಚಿಕಿತ್ಸೆ ಆದವರೂ ಮತ್ತೆ ನುಗ್ಗುತ್ತಾರೆ ಎಂದರು. ಅವರ ಮಾತಿನಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಹೆಸರು ಹೇಳಲು ಏನು ಅಡ್ಡಿ, ನಾವೇನು ಪರಕೀಯರೇ ಎಂದೂ ಕೇಳಿದರು. ಅವರ ಮನೆಯವರು ಮಠದಲ್ಲಿ ಶ್ರಾವಣದ ದಾಸೋಹ ನಡೆಸುತ್ತಾರೆಂದು ಮಾಧುರಿ ಬಸ್‌ಸ್ಟ್ಯಾಂಡಿನಿಂದ ಬರುವಾಗ ಹೇಳಿದ್ದಳು. ನನ್ನ ಬಾಯಿಗೆ ಅದೇ ಬಂತು.

"ಯಜಮಾನ್ರ, ದಾಸೋಹದಾಗ ಪಂಕ್ತಿಗೆ ಕುಂತಾವ್ರಿಗೆ, ನೀ ಯಾರು, ನಿನಗ ಮನ್ಯಾಗ ಊಟ ಯಾಕಿಲ್ಲ ಅಂತ ಕೇಳತೀರೇನ್ರಿ? ಎಲಿ ಹಾಕತೀರಿ, ನೀಡತೀರಿ. ಇದೂ ಹಂಗ ಆಗಲಿ."

ಅವರು ಮಾತಾಡುವ ಮೊದಲೇ ಅಭಿಜಿತ, ತನ್ನ ಪರದೆಯಿಂದ ತಲೆ ಎತ್ತದೆ, ತಿರಸ್ಕಾರವಾದ ಅರ್ಜಿಗಳ ಲೆಕ್ಕ ಹೇಳಿದ. ಹೆಸರುಗಳು ಅವನಿಗೂ ಕಾಣುತ್ತಿರಲಿಲ್ಲ, ಉತ್ತರಗಳು ಮಾತ್ರ ಕಾಣುತ್ತಿದ್ದವು. ಸಾದಾ ಫಾರ್ಮ್ ಇದ್ದ ದಿನಗಳಲ್ಲಿ ಹೋಯ್ ಎಂದವರು ಅಲ್ಲೊಬ್ಬರು ಇಲ್ಲೊಬ್ಬರು. ಗೆಜ್ಜೆ ಹಾಕಿದ ಮೇಲೆ ಸಾಲುಸಾಲಾಗಿ ಹೋಯ್.

"ನಾ ಬರದ ಡಿಸೈನ್‌ದಿಂದ ಆಗೈತ್ರಿ," ಎಂದ. "ಇವರು ಎಲ್ಲಾರೂ ಸುಳ್ಳ ಹೇಳ್ಯಾರ ಅನ್ನೂಹಂಗಿಲ್ಲ."

ಕಾರ್ಯದರ್ಶಿಗಳು ನಿಧಾನಕ್ಕೆ ಉಸಿರು ಬಿಟ್ಟದ್ದು ಕೇಳಿಸಿತು. "ಹಂಗಾದ್ರ ಎಲ್ಲಾರಿಗೂ ಕಳಸ್ರಿ," ಎಂದರು. "ವೈನಿ, ನೀವು ಭಾಳ ಹಟಮಾರಿ ಅದೀರಿ ನೋಡ್ರಿ."

ಆ ಸಂಜೆಯೇ ಎಲ್ಲರಿಗೂ ಒಂದೇ ಸಂದೇಶ ಹೋಯಿತು: ಫಾರ್ಮ್‌ನಲ್ಲಿ ದೋಷವಿತ್ತು, ತಪ್ಪು ನಿಮ್ಮದಲ್ಲ, ಬೇಕಿದ್ದವರು ಇನ್ನೊಮ್ಮೆ ತುಂಬಬಹುದು. 'ತಪ್ಪು ನಿಮ್ಮದಲ್ಲ' ಎಂಬ ಮಾತು ಸೇರಿಸಿದ್ದು ಅಭಿಜಿತ.

ಗುರುವಾರ ಇಡೀ ದಿನ ಗಂಗಕ್ಕನ ಫೋನ್ ಬರಲಿಲ್ಲ. ನಾನಾಗಿ ಮಾಡುವಂತಿರಲಿಲ್ಲ, ಗಂಡ ಪಕ್ಕದಲ್ಲಿದ್ದರೆ? ಶುಕ್ರವಾರ ಮಧ್ಯಾಹ್ನ ಬಂತು. ತುಂಬಿದ್ದಾಳೆ, ಒಪ್ಪಿಗೆಯಾಗಿದೆ, ಗಡಹಿಂಗ್ಲಜಕ್ಕೆ ಹೋಗುವ ದಿನವೂ ಸಿಕ್ಕಿದೆ. ತವರಿನ ದೇವರಿಗೆ ನಡೆದುಕೊಳ್ಳಬೇಕೆಂದು ಮನೆಯಲ್ಲಿ ಹೇಳಿ ಹೊರಟಳು, ನಾನೂ ಜೊತೆಗೆ ಹೋದೆ. ಅದು ಸುಳ್ಳೂ ಅಲ್ಲ, ಶಸ್ತ್ರಚಿಕಿತ್ಸೆಯ ಮೊದಲು ಇಬ್ಬರೂ ಗುಡಿಗೆ ಹೋಗಿ ಬಂದೆವು. ಬಲಗಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ಬೆಳಗ್ಗೆ ಆಕೆ ಮೊದಲು ನೋಡಿದ್ದು ತನ್ನ ಬೆರಳ ತುದಿಗಳನ್ನು. ಹಳೆಯ ಸುಟ್ಟ ಗಾಯಗಳ ಕಲೆಗಳು ಅಲ್ಲಿದ್ದವು. ಒಂದೊಂದನ್ನೇ ತಿರುಗಿಸಿ ನೋಡಿ, "ಇಷ್ಟ ಆಗಿದ್ದು ನನಗ ಗೊತ್ತ ಇರಲಿಲ್ಲ," ಎಂದಳು.

ಎಡಗಣ್ಣು ಇನ್ನೊಂದು ಶಿಬಿರಕ್ಕೆ ಉಳಿದಿದೆ. ಹುಪರಿಗೆ ಹಿಂದಿರುಗಿದ ಮೇಲೆ ಆಕೆಯೇ ಎಲ್ಲರಿಗೂ ಹೇಳಿದಳು, ಗಂಡನಿಗೆ ಮೊದಲು. ಅವನು ಎರಡು ದಿನ ಮುನಿಸಿಕೊಂಡಿದ್ದನಂತೆ. ಬೆಳ್ಳಿ ಎಂದಿನಂತೆ ಮನೆಗೆ ಬರುತ್ತಿದೆ. ಇದನ್ನು ಬರೆ ಎಂದವಳೂ ಆಕೆಯೇ. ಹೆಸರು ಮಾತ್ರ ಬೇರೆ ಇಟ್ಟಿದ್ದೇನೆ.

ಆಮೇಲೆಯೂ ನಾನು ಅನೇಕ ಫಾರ್ಮ್‌ಗಳನ್ನು ನೋಡಿದ್ದೇನೆ. ಮಾಧುರಿ ಈಗ ರೂಪ ಬದಲಿಸಿದ ಪ್ರತಿ ಸಲವೂ ನನಗೆ ಕಳಿಸುತ್ತಾಳೆ. ಕೆಲವರು ಕೇಳುತ್ತಾರೆ, ಇಷ್ಟು ಕಷ್ಟ ಯಾಕೆ, ಬೇಕಾದವರು ಸಹಾಯ ಕೇಳಬಹುದಲ್ಲ ಎಂದು. ಕೇಳಬಹುದು, ನಾನೂ ಕೇಳುತ್ತೇನೆ. ಬಸ್ಸಿನ ಬೋರ್ಡು ಓದಿಸಿಕೊಳ್ಳುತ್ತೇನೆ, ಅಕ್ಕಿಯಲ್ಲಿ ಕಲ್ಲು ಹುಡುಕಿಸಿಕೊಳ್ಳುತ್ತೇನೆ. ಆದರೆ ಸಹಾಯ ಕೇಳುವುದೆಂದರೆ ಮೊದಲು ತನ್ನ ಕೊರತೆ ಹೇಳುವುದು, ಮತ್ತು ಆ ಮಾತಿಗೆ ಎಲ್ಲರ ಮನೆಯಲ್ಲೂ ಒಂದೇ ಬೆಲೆ ಇರುವುದಿಲ್ಲ. ನನಗೆ ಅದು ಬರಿಯ ಸಂಕೋಚ, ಗಂಗಕ್ಕನಿಗೆ ಅನ್ನ. ಯಾರಿಗೆ ಏನು ಕಡಿಮೆ ಎಂದು ಕೇಳದೆಯೇ ನಡೆಯುವಂತೆ ಮಾಡಿಡುವುದು ಈ ಕೆಲಸ ನನಗೆ ಕಲಿಸಿದ ಪಾಠ.

ಗಡಹಿಂಗ್ಲಜದಿಂದ ನಾನು ತಿರುಗಿ ಬಂದ ಮಾರನೆಯ ದಿನ ಗಂಗಕ್ಕ ಫೋನ್ ಮಾಡಿದ್ದಳು. ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಕೇಳಿದಳು.

"ಖರೇ ಹೇಳ ತಂಗಿ. ನನ್ನ ಹೆಸರ ಯಾರ ಮುಂದ ಹೇಳಿದಿ?"

"ಯಾರ ಮುಂದೂ ಇಲ್ಲ."

"ಹಂಗಾದ್ರ ನನ್ನ ಫಾರ್ಮ್ ಹ್ಯಾಂಗ ಸರಿ ಆತು?"

"ನಿಂದೊಂದ ಸರಿ ಮಾಡಲಿಲ್ಲಕ್ಕಾ. ಎಲ್ಲಾರದೂ ಮಾಡಿದ್ವಿ."

ಆಗ ಹೊರಗೆ ನಲ್ಲಿ ಗೊರಗೊರ ಸದ್ದು ಮಾಡಿತು, ನಾಲ್ಕು ದಿನದ ಮೇಲೆ ನೀರು ಬಿಟ್ಟಿದ್ದರು. ಇಡತೇನಿ ಅಕ್ಕಾ ಎಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬ್ಯಾರಲ್ ತೊಳೆಯಲು ಹೋದೆ.